ದಿನಾ ಚಿತ್ರ ಬಿಡಿಸಿ, ದಿನಾ ಪೋಸ್ಟ್ ಮಾಡಬೇಡಿ

ಪ್ರಶ್ನೆ: ನಾನು ಸಾಗರದವಳು, ಸಹಕಾರಿ ಸಂಘವೊಂದರಲ್ಲಿ ಕೆಲಸ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೆ. ಆಮೇಲೆ ಬ್ರಷ್ ಮುಟ್ಟಿರಲಿಲ್ಲ. ಈ ಜುಲೈನಲ್ಲಿ ದಿನಕ್ಕೊಂದು ವಾಟರ್ ಕಲರ್ ಚಿತ್ರ ಮಾಡುವ ಚಾಲೆಂಜಿಗೆ ಸೇರಿದೆ. 11ನೇ ದಿನಕ್ಕೆ ನಿಂತುಹೋಯಿತು. ರಾತ್ರಿ ಊಟ ಆದಮೇಲೆ ಕೂತರೆ ಎ4 ಹಾಳೆ ಮುಗಿಯಲು ಎರಡು ಗಂಟೆ ಬೇಕು. ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವಷ್ಟರಲ್ಲಿ ಇನ್ನೊಂದು ಮುಕ್ಕಾಲು ಗಂಟೆ. ಫೋಟೋದಲ್ಲಿ ಎಲ್ಲಾ ಹಳದಿ. ಮಳೆಗೆ ಬಣ್ಣ ಒಣಗುವುದೇ ಇಲ್ಲ. ಲೈಕು ಹತ್ತು ಹನ್ನೆರಡು, ಅದರಲ್ಲಿ ಅರ್ಧ ನೆಂಟರದ್ದು. ಮನೆಯವರು ‘ಇದನ್ನ ಯಾರು ನೋಡ್ತಾರೆ’ ಅಂತಾರೆ. ನಡುವೆ ಒಬ್ಬರು ಮೆಸೇಜ್ ಮಾಡಿ ಮೂರು ಚಿತ್ರ ಕೊಳ್ಳುತ್ತೇನೆ, ಕ್ಯುಆರ್ ಕೋಡ್ ಕಳಿಸುತ್ತೇನೆ ಅಂದರು. ನಂಬಬಹುದಾ? ಅಕ್ಟೋಬರಿನಲ್ಲಿ ಶಾಯಿಯಲ್ಲಿ ಚಿತ್ರ ಬಿಡಿಸುವ ಇಂಕ್‌ಟೋಬರ್ ಅನ್ನುವ ಚಾಲೆಂಜ್ ಇದೆಯಂತೆ, ಅದಕ್ಕೆ ಸೇರಲಾ, ಬಿಡಲಾ?

ಉತ್ತರ:

ಮೊದಲು ಆ ಕ್ಯುಆರ್ ಕೋಡ್ ವಿಷಯ, ಏಕೆಂದರೆ ಅದೊಂದೇ ಅರ್ಜೆಂಟು. ಸ್ಕ್ಯಾನ್ ಮಾಡಬೇಡಿ. ಯುಪಿಐನಲ್ಲಿ ದುಡ್ಡು ಬರಬೇಕಾದರೆ ನೀವು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ನೂ ಒತ್ತಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ನಿಜವಾದ ಗಿರಾಕಿ ನಿಮ್ಮ ಯುಪಿಐ ಐಡಿ ಕೇಳುತ್ತಾನೆ, ಸೈಜು ಕೇಳುತ್ತಾನೆ, ಫ್ರೇಮ್ ಇದೆಯಾ ಅಂತ ಕೇಳುತ್ತಾನೆ, ಬೆಲೆಯಲ್ಲಿ ಸ್ವಲ್ಪ ಚೌಕಾಶಿಯನ್ನೂ ಮಾಡುತ್ತಾನೆ. ಚೌಕಾಶಿ ಮಾಡದೆ, ಯಾವ ಚಿತ್ರ ಅಂತಲೂ ಸರಿಯಾಗಿ ಹೇಳದೆ, ಹೆಂಡತಿಯ ಹುಟ್ಟುಹಬ್ಬಕ್ಕೆ ಮೂರು ಬೇಕು ಎಂದು ಅವಸರ ಮಾಡುವವನಿಗೆ ಚಿತ್ರ ಬೇಕಾಗಿಲ್ಲ. ಇದರ ವಿದೇಶಿ ತಳಿಯೂ ಇದೆ. ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಕಳಿಸುತ್ತೇನೆ, ಹೆಚ್ಚಿಗೆ ಬಂದದ್ದನ್ನು ಕೊರಿಯರ್‌ನವನಿಗೆ ಕೊಟ್ಟುಬಿಡಿ ಅನ್ನುತ್ತಾರೆ. ಚೆಕ್ ಬೌನ್ಸ್ ಆಗುವಷ್ಟರಲ್ಲಿ ನಿಮ್ಮ ಕೈಯಿಂದ ಹೋದದ್ದು ಹೋಗಿರುತ್ತದೆ. ‘ನಿಮ್ಮ ಚಿತ್ರವನ್ನು ನಮ್ಮ ಪೇಜಿನಲ್ಲಿ ಹಾಕುತ್ತೇವೆ, ಇಷ್ಟು ಕೊಡಿ’ ಅನ್ನುವವರೂ ಬರುತ್ತಾರೆ. ಅದು ಮೋಸ ಅಲ್ಲದಿದ್ದರೂ ದಂಡ. ಈಗಾಗಲೇ ಪಿನ್ ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಜೊತೆಗೆ ಬ್ಯಾಂಕಿಗೂ ತಿಳಿಸಿ.

ಈಗ ನಿಂತುಹೋದ ಚಾಲೆಂಜ್. ನೀವು ಕೊಟ್ಟ ಲೆಕ್ಕದಲ್ಲೇ ಉತ್ತರ ಇದೆ. ಕೆಲಸ ಮುಗಿಸಿ, ಅಡಿಗೆ ಮುಗಿಸಿ, ಊಟ ಮುಗಿಸಿ, ಆಮೇಲೆ ದಿನಾ ಎರಡೂ ಮುಕ್ಕಾಲು ಗಂಟೆ. ಹೀಗೆ ಯಾರಿಗೂ ಒಂದು ತಿಂಗಳು ಆಗುವುದಿಲ್ಲ. ನೀವು ಹತ್ತು ದಿನ ಎಳೆದದ್ದೇ ದೊಡ್ಡದು. ಇನ್ನೊಂದು ಗಮನಿಸಿ. ಚಿತ್ರ ಬಿಡಿಸುವುದು ಒಂದು ಕೆಲಸ, ಅದನ್ನು ಹತ್ತು ಜನಕ್ಕೆ ತೋರಿಸುವುದು ಬೇರೆಯೇ ಕೆಲಸ. ಎರಡಕ್ಕೂ ಬೇಕಾದ ಮನಸ್ಸು ಬೇರೆ, ಹೊತ್ತೂ ಬೇರೆ. ಈ ಚಾಲೆಂಜುಗಳು ಎರಡನ್ನೂ ಒಂದೇ ರಾತ್ರಿಗೆ ಕಟ್ಟಿಹಾಕುತ್ತವೆ. ಹಾಗಾಗಿ ಹಿಂದಿನ ದಿನದ ಚಿತ್ರಕ್ಕೆ ಲೈಕು ಬೀಳದ ಬೇಜಾರು ಇವತ್ತಿನ ಬ್ರಷ್ಷಿಗೆ ತಗಲುತ್ತದೆ. ನನ್ನ ಸಲಹೆ ಇಷ್ಟೇ: ಬಿಡಿಸುವುದು ದಿನಾ ಇರಲಿ, ಹಾಕುವುದು ವಾರಕ್ಕೊಮ್ಮೆ ಸಾಕು.

ಇದು ನಿಯಮ ಮುರಿದ ಹಾಗಲ್ವಾ ಅಂತ ಅನ್ನಿಸಬಹುದು. ಇಂಕ್‌ಟೋಬರನ್ನು 2009ರಲ್ಲಿ ಶುರು ಮಾಡಿದ ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಅವರೇ ತಮ್ಮ ನಿಯಮದಲ್ಲಿ ಮೂರು ದಾರಿ ಕೊಟ್ಟಿದ್ದಾರೆ. ದಿನಾ ಮಾಡಬಹುದು, ದಿನ ಬಿಟ್ಟು ದಿನ ಮಾಡಬಹುದು, ವಾರಕ್ಕೊಂದು ಮಾಡಿದರೂ ಆಯಿತು. ಶುರು ಮಾಡಿದವರಿಗೇ ಇಲ್ಲದ ಹಟ ನಮಗೆ ಯಾಕೆ? ನೀವು ಸೇರಿದ ಜುಲೈ ತಿಂಗಳ ವಾಟರ್ ಕಲರ್ ಚಾಲೆಂಜ್ ಕೂಡ 2016ರಲ್ಲಿ ಚಾರ್ಲಿ ಓಶೀಲ್ಡ್ಸ್ ಎಂಬ ಅಮೆರಿಕದ ಕಲಾವಿದರು ಜನ ಖುಷಿಯಿಂದ ಬಣ್ಣ ಹಿಡಿಯಲಿ ಅಂತ ಶುರು ಮಾಡಿದ್ದು. ಹಾಜರಿ ಪುಸ್ತಕ ಯಾರೂ ಇಟ್ಟಿಲ್ಲ.

ಸೈಜು. ಎ4 ಬಿಡಿ. ದಿನಕ್ಕೊಂದು ಪೇಂಟಿಂಗ್ ಅನ್ನುವ ರೂಢಿಯನ್ನು ಇಂಟರ್ನೆಟ್‌ನಲ್ಲಿ ಜನಪ್ರಿಯ ಮಾಡಿದವರಲ್ಲಿ ಮೊದಲಿಗರು ಅಮೆರಿಕದ ವರ್ಜೀನಿಯಾ ರಾಜ್ಯದ ಡ್ವೇನ್ ಕೈಸರ್. 2004ರ ಡಿಸೆಂಬರಿನಲ್ಲಿ ಶುರು ಮಾಡಿದರು, ಚಿತ್ರಗಳನ್ನು ಇಬೇನಲ್ಲಿ ಹರಾಜಿಗೆ ಇಡುತ್ತಿದ್ದರು. ಅವರ ಹಾಳೆ ಎಷ್ಟು ದೊಡ್ಡದು ಗೊತ್ತಾ? ಪೋಸ್ಟ್ ಕಾರ್ಡಿನಷ್ಟು. ಬಿಡಿಸುತ್ತಿದ್ದದ್ದು ಕಣ್ಣೆದುರು ಇರುವ ದಿನಬಳಕೆಯ ಸಾಮಾನುಗಳನ್ನು. ಅಭ್ಯಾಸ ಆದ ವೃತ್ತಿ ಕಲಾವಿದರೇ ಅಷ್ಟು ಸಣ್ಣದರಲ್ಲಿ ದಿನ ಮುಗಿಸುತ್ತಿದ್ದಾಗ ನಾವು ಎ4 ಹಿಡಿದು ಕೂರುವುದು ಸುಮ್ನೆ ಮೈಮೇಲೆ ಎಳೆದುಕೊಂಡ ಭಾರ.

ಹೀಗೆ ಮಾಡಿ. ಶಿವಮೊಗ್ಗಕ್ಕೆ ಹೋದಾಗ 300 ಜಿಎಸ್‌ಎಂ ದಪ್ಪದ ವಾಟರ್ ಕಲರ್ ಪೇಪರಿನ ಎರಡು ಪೂರ್ತಿ ಶೀಟ್ ತನ್ನಿ. ಪೂರ್ತಿ ಶೀಟ್ ಅಂದರೆ 22 ಇಂಚು ಅಗಲ, 30 ಇಂಚು ಉದ್ದ. ಅದರಲ್ಲಿ 5 ಇಂಚು, 7 ಇಂಚಿನ ತುಂಡು 16 ಬರುತ್ತವೆ. ಎರಡು ಶೀಟಿಗೆ 32. ತಿಂಗಳಿಗೆ 31, ಬಣ್ಣ ಬೆರೆಸಿ ನೋಡಲು ಒಂದು. ಎಲ್ಲವನ್ನೂ ಮೊದಲ ದಿನವೇ ಕತ್ತರಿಸಿ ಇಟ್ಟುಬಿಡಿ. ‘ಇವತ್ತು ಯಾವ ಹಾಳೆ, ಎಷ್ಟು ದೊಡ್ಡದು’ ಅನ್ನುವ ಯೋಚನೆಯೇ ಬರಬಾರದು. ಹೊತ್ತು ನಲವತ್ತು ನಿಮಿಷ. ಮುಗಿಯದಿದ್ದರೆ ಮುಗಿಯದ್ದೇ ಇವತ್ತಿನ ಚಿತ್ರ, ನಾಳೆ ಅದನ್ನು ತಿದ್ದಲು ಹೋಗಬೇಡಿ.

ಇನ್ನು ಏನು ಬಿಡಿಸುವುದು. ಚಾಲೆಂಜಿನವರು ಕೊಡುವ ಪಟ್ಟಿಯನ್ನು ಮಡಚಿ ಒಳಗಿಡಿ ಅಂತಲೇ ಹೇಳುತ್ತೇನೆ. ಅಂಥ ಪಟ್ಟಿಯಲ್ಲಿ ಲೈಟ್‌ಹೌಸ್ ಇರುತ್ತದೆ, ಹಿಮ ಇರುತ್ತದೆ, ನರಿ ಇರುತ್ತದೆ. ಸಾಗರದಲ್ಲಿ ಕೂತು ಲೈಟ್‌ಹೌಸ್ ಬಿಡಿಸಬೇಕಾದರೆ ಮೊಬೈಲಿನಲ್ಲಿ ಯಾರೋ ತೆಗೆದ ಫೋಟೋ ಹುಡುಕಬೇಕು, ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಆ ಫೋಟೋ ತೆಗೆದವನಿಗೆ ಅದರ ಹಕ್ಕೂ ಇರುತ್ತದೆ. ನಿಮ್ಮ ಮನೆ ಸುತ್ತ ಮಳೆಗಾಲದಲ್ಲಿ ಕಾಣುವುದು ಏನು ಕಮ್ಮಿಯಾ? ಒಣಗಲಿ ಅಂತ ಬಿಚ್ಚಿಟ್ಟ ಕೊಡೆ, ಕಂಬಳಿ ಕೊಪ್ಪೆ, ಉಪ್ಪಿನಕಾಯಿ ಭರಣಿ, ಹಲಸಿನ ಬೀಜ, ಕಳಲೆ, ಅಡಿಕೆ ಹಾಳೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಅಂಗಳದ ಡ್ರಮ್ಮಿನ ಮೇಲೆ, ಮರ ಹತ್ತುವ ಕೊನೆಗಾರನ ಬಟ್ಟೆಯ ಮೇಲೆ ಮೈಲುತುತ್ತದ ನೀಲಿ ಹತ್ತಿರುತ್ತದಲ್ಲ, ಆ ಬಣ್ಣ ಯಾವ ಟ್ಯೂಬಿನಲ್ಲೂ ರೆಡಿ ಬರುವುದಿಲ್ಲ. ಥಾಲೋ ಬ್ಲೂವನ್ನು ತುಂಬಾ ನೀರು ಮಾಡಿ, ಒಂದು ಚೂರು ಹಸಿರು ತಾಗಿಸಿ ಪ್ರಯತ್ನಿಸಿ. ಥಾಲೋ ಜೋರು ಬಣ್ಣ, ಬ್ರಷ್ ತುದಿಗೆ ಹತ್ತಿದ್ದು ಸಾಕು.

ದಿನಾ ಹೊಸ ವಸ್ತು ಬೇಕಂತಲೂ ಇಲ್ಲ. ಒಂದೇ ವಸ್ತುವನ್ನು ವಾರವಿಡೀ ಬಿಡಿಸಿದರೆ ಕಲಿಯುವುದು ಜಾಸ್ತಿ. ಉದಾಹರಣೆಗೆ ಒಂದು ಸ್ಟೀಲ್ ಲೋಟ. ಕಿಟಕಿ ಹತ್ತಿರ ಇಟ್ಟು ಎರಡು ನಿಮಿಷ ಬರೀ ನೋಡಿ. ಸ್ಟೀಲಿಗೆ ತನ್ನದೇ ಬಣ್ಣ ಅಂತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಸುತ್ತ ಇರುವುದೆಲ್ಲ ಅದರೊಳಗೆ ಬಂದು ಕೂತಿರುತ್ತದೆ. ಕಿಟಕಿ ಬಾಗಿದ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿಗೆ ಅಂಟಿಕೊಂಡೇ ಅತೀ ಕಪ್ಪು ಗೆರೆ ಇರುತ್ತದೆ. ಆ ಬಿಳಿ, ಆ ಕಪ್ಪು ಪಕ್ಕಪಕ್ಕ ಬಿದ್ದಾಗ ಮಾತ್ರ ಲೋಟ ಹೊಳೆಯುತ್ತದೆ, ಎರಡರ ನಡುವೆ ಬೂದು ತುಂಬಿದಿರೋ ಮಣ್ಣಿನ ಲೋಟ ಆಯಿತು. ಬಿಳಿ ಜಾಗಕ್ಕೆ ಬಣ್ಣ ಹಚ್ಚಬೇಡಿ, ಪೇಪರೇ ಬಿಳಿ. ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು, ಇವೆರಡನ್ನು ಬೆರೆಸಿ. ನೀಲಿ ಜಾಸ್ತಿಯಾದರೆ ತಣ್ಣಗಿನ ಬೂದು, ಕಂದು ಜಾಸ್ತಿಯಾದರೆ ಬೆಚ್ಚಗಿನ ಬೂದು, ನೀರು ಕಮ್ಮಿ ಮಾಡಿದರೆ ಹೆಚ್ಚು ಕಡಿಮೆ ಕಪ್ಪು. ಮೊದಲು ತೆಳು ಬೂದು, ಅದು ಪೂರ್ತಿ ಒಣಗಿದ ಮೇಲೆ ನಡುಬೂದು, ಕೊನೆಗೆ ಆ ಕಪ್ಪು ಗೆರೆ. ಬೆಳಿಗ್ಗೆ ಒಮ್ಮೆ, ಲೈಟ್ ಹಾಕಿದ ಮೇಲೆ ಒಮ್ಮೆ, ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಟ್ಟು ಒಮ್ಮೆ, ಹೀಗೆ ಅದೇ ಲೋಟ. ವಾರದ ಕೊನೆಯಲ್ಲಿ ಏಳನ್ನೂ ಸಾಲಾಗಿ ಇಟ್ಟರೆ ಎಲ್ಲಿ ಸುಧಾರಿಸಿದ್ದೀರಿ ಅಂತ ನಿಮ್ಮ ಮನೆಯವರಿಗೂ ಕಾಣುತ್ತದೆ.

‘ಪೂರ್ತಿ ಒಣಗಿದ ಮೇಲೆ’ ಅಂದೆನಲ್ಲ, ನಿಮ್ಮ ನಿಜವಾದ ಕಷ್ಟ ಅಲ್ಲೇ ಇರುವುದು. ಜುಲೈ ತಿಂಗಳನ್ನು ಗೊತ್ತು ಮಾಡಿದ ದೇಶದಲ್ಲಿ ಅದು ಬೇಸಿಗೆ, ನಿಮಗೆ ಆಷಾಢದ ಜಡಿಮಳೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಹಾಳೆಯ ನೀರು ಎಲ್ಲಿಗೆ ಹೋಗಬೇಕು? ಮೇಲೆ ಹೊಳಪು ಹೋಗಿರುತ್ತದೆ, ಒಣಗಿತು ಅಂದುಕೊಂಡು ಎರಡನೇ ಪದರ ಹಾಕುತ್ತೀರಿ, ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ಕೆಳಗಿನ ಪದರ ಅರೆಹಸಿ ಇದ್ದಾಗ ಮೇಲಿನ ನೀರು ಆ ಬಣ್ಣವನ್ನು ಅಂಚಿಗೆ ತಳ್ಳುವುದರಿಂದ ಹಾಗಾಗುವುದು. ನಿಮ್ಮ ಕೈ ಕೆಟ್ಟದ್ದಲ್ಲ. ಪರೀಕ್ಷೆ ಸುಲಭ. ಅಂಗೈ ಹಿಂಭಾಗವನ್ನು ಹಾಳೆಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ. ಹೊಳಪು ಹೋದಮೇಲೆ ಹೇರ್ ಡ್ರೈಯರ್ ದೂರದಿಂದ ಹಿಡಿಯಬಹುದು, ಹೊಳಪು ಇರುವಾಗಲೇ ಹಿಡಿದರೆ ಬಣ್ಣ ಓಡುತ್ತದೆ. ಕರೆಂಟ್ ಇಲ್ಲದ ದಿನ ಎರಡು ಚಿಕ್ಕ ಹಾಳೆ ಒಟ್ಟಿಗೆ ಶುರು ಮಾಡಿ, ಒಂದು ಒಣಗುವಾಗ ಇನ್ನೊಂದು. ಅಥವಾ ಪದರದ ಗೋಜೇ ಬೇಡ, ಒದ್ದೆ ಹಾಳೆಯ ಮೇಲೆ ಒದ್ದೆ ಬಣ್ಣ ಬಿಟ್ಟು ಮಳೆಯ ಗುಡ್ಡ, ಮಂಜು, ಮೋಡ ಬಿಡಿಸಿ. ಒಣಗಲು ತಡವಾಗುವುದು ಅಲ್ಲಿ ಲಾಭ, ಕಲಬುರಗಿಯ ಏಪ್ರಿಲಿನಲ್ಲಿ ಕೂತವರಿಗೆ ಆ ಪುರುಸೊತ್ತು ಸಿಗುವುದಿಲ್ಲ. ಮೈಸೂರು ಆಸ್ಥಾನದಲ್ಲಿದ್ದ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ತಂದಿದ್ದಾರೆ. ಆ ಚಿತ್ರಗಳು ಎಲ್ಲೇ ನೋಡಲು ಸಿಕ್ಕರೂ ಬಿಡಬೇಡಿ. ಅಂಚುಗಳನ್ನು ಎಷ್ಟು ಕಮ್ಮಿ ಗಟ್ಟಿ ಮಾಡಿದ್ದಾರೆ ಅಂತ ನೋಡಿ.

ಪೇಪರನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ಹಿಡಿದರೆ ಪೇಪರಿಗೆ ಹಾಕಿರುವ ಅಂಟು ಕೆಡುತ್ತದೆ. ಆಮೇಲೆ ಬಣ್ಣ ಮೇಲೆ ನಿಲ್ಲದೆ ಬ್ಲಾಟಿಂಗ್ ಪೇಪರಿಗೆ ಬಿದ್ದ ಹಾಗೆ ಚುಕ್ಕೆ ಚುಕ್ಕೆಯಾಗಿ ಒಳಗೆ ಇಳಿಯುತ್ತದೆ. ಪ್ಯಾಲೆಟ್ಟನ್ನು ಹಸಿ ಇರುವಾಗ ಮುಚ್ಚಬೇಡಿ, ಬೂಸಲು ಬರುತ್ತದೆ.

ಫೋಟೋ. ರಾತ್ರಿ ತೆಗೆಯುವುದನ್ನು ಬಿಟ್ಟರೆ ನಿಮ್ಮ ಹಳದಿಯ ಸಮಸ್ಯೆ ಮುಕ್ಕಾಲು ಭಾಗ ಹೋಗುತ್ತದೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಕಿಟಕಿ ಪಕ್ಕ ಎಲ್ಲವನ್ನೂ ಒಟ್ಟಿಗೆ ತೆಗೆಯಿರಿ, ಮನೆಯೊಳಗಿನ ಲೈಟ್ ಆರಿಸಿ. ಮೋಡ ಕವಿದ ಆಕಾಶ ಇದಕ್ಕೆ ಬಹಳ ಒಳ್ಳೆಯದು, ಬೆಳಕು ಎಲ್ಲ ಕಡೆಯಿಂದ ಸಮ ಬೀಳುತ್ತದೆ, ನೆರಳು ಇರುವುದಿಲ್ಲ. ಹಾಳೆ ಮೇಜಿನ ಮೇಲೆ ಚಪ್ಪಟೆಯಾಗಿರಲಿ, ಫೋನ್ ಅದಕ್ಕೆ ಸಮಾನಾಂತರ. ತೀರಾ ಹತ್ತಿರ ಹೋಗಬೇಡಿ, ಫೋನಿನ ಲೆನ್ಸು ಅಂಚುಗಳನ್ನು ಬಗ್ಗಿಸುತ್ತದೆ. ಸ್ವಲ್ಪ ಮೇಲಿಂದ ಎರಡರಷ್ಟು ಜೂಮ್ ಮಾಡಿ ತೆಗೆಯಿರಿ. ಬಿಳಿ ಹಾಳೆ ಕಂಡರೆ ಫೋನು ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಮ್ಮಿ ಮಾಡುತ್ತದೆ, ಹಾಗಾಗಿ ಬಿಳಿ ಬೂದಾಗಿ ಬರುತ್ತದೆ. ಪರದೆ ಮುಟ್ಟಿ ಬೆಳಕನ್ನು ಒಂದು ಚೂರು ಮೇಲೆ ಎಳೆಯಿರಿ. ಚಿತ್ರದ ಸುತ್ತ ಅರ್ಧ ಇಂಚು ಬಿಳಿ ಅಂಚು ಬಿಟ್ಟಿದ್ದರೆ ಎಡಿಟ್ ಮಾಡುವಾಗ ಆ ಅಂಚು ನಿಜವಾಗಿ ಬಿಳಿ ಕಾಣುವ ತನಕ ಸರಿಮಾಡಿದರೆ ಸಾಕು, ಒಳಗಿನ ಬಣ್ಣಗಳೂ ತಾವಾಗಿ ಸರಿಯಾಗುತ್ತವೆ. ಬಣ್ಣ ಗಾಢ ಮಾಡುವ ಫಿಲ್ಟರ್ ಮಾತ್ರ ಹಾಕಬೇಡಿ. ಯಾರಾದರೂ ನಿಜವಾಗಿ ಕೊಂಡರೆ ಮನೆಗೆ ಹೋದ ಚಿತ್ರ ಪೇಲವ ಅನ್ನಿಸಿ ಜಗಳ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ.

ಹಾಕುವಾಗ ಏಳರಲ್ಲಿ ಮೂರೋ ನಾಲ್ಕೋ ಆರಿಸಿ ಒಂದೇ ಪೋಸ್ಟಿಗೆ ಹಾಕಿ. ಆರಿಸುವುದು ದೊಡ್ಡ ಪಾಠ. ಯಾಕೆ ಇದು, ಯಾಕೆ ಅದಲ್ಲ ಅಂತ ನೀವೇ ಹೇಳಿಕೊಳ್ಳಬೇಕಾಗುತ್ತದೆ. ಅಡಿಬರಹ ಕನ್ನಡದಲ್ಲೇ ಬರೆಯಿರಿ, ನಾಲ್ಕು ಸಾಲು, ಏನು ಕಷ್ಟವಾಯಿತು ಅಂತ. ‘ಹೇಗಿದೆ’ ಅಂತ ಕೇಳಿದರೆ ‘ಸೂಪರ್’ ಅಂತಲೇ ಉತ್ತರ ಬರುವುದು. ‘ಲೋಟದ ನೆರಳು ನೆಲಕ್ಕೆ ಅಂಟಿದ ಹಾಗೆ ಕಾಣುತ್ತಾ, ತೇಲುತ್ತಾ’ ಅಂತ ಕೇಳಿ ನೋಡಿ, ಗೊತ್ತಿರುವವರು ಬಾಯಿ ಬಿಡುತ್ತಾರೆ. ಹಾಕಿದ ಮೇಲೆ ಫೋನ್ ಬೇರೆ ಕೋಣೆಯಲ್ಲಿಡಿ. ಹತ್ತು ಲೈಕಿನ ಬಗ್ಗೆ ನಾನು ಸಮಾಧಾನ ಹೇಳುವುದಿಲ್ಲ. ಅದು ಹತ್ತೇ, ಮತ್ತು ಅದರಲ್ಲಿ ನೆಂಟರೇ ಜಾಸ್ತಿ. ಆದರೆ ಹೊಸ ಖಾತೆಯ ಪೋಸ್ಟನ್ನು ಎಷ್ಟು ಜನಕ್ಕೆ ತೋರಿಸಬೇಕು ಅಂತ ತೀರ್ಮಾನಿಸುವುದು ಒಂದು ಯಂತ್ರ, ಅದಕ್ಕೆ ನಿಮ್ಮ ಬೂದು ಬಣ್ಣ ತಣ್ಣಗಿದೆಯಾ ಬೆಚ್ಚಗಿದೆಯಾ ಗೊತ್ತಾಗುವುದಿಲ್ಲ. ನಿಮಗೆ ಬೇಕಾದದ್ದು ನಿಮ್ಮಷ್ಟೇ ಕಲಿತಿರುವ, ನಿಮ್ಮ ಹಾಗೆ ಬಿಡಿಸುವ ಇಬ್ಬರು ಮೂವರು. ಅಂಥವರು ಸಿಕ್ಕರೆ ಪ್ರತ್ಯೇಕ ಗುಂಪು ಮಾಡಿಕೊಳ್ಳಿ.

ದಿನಾ ಹಾಕಿ ಕೋಟಿ ಗಳಿಸಿದವರಿಲ್ಲವಾ ಅಂತ ಯಾರಾದರೂ ವಾದ ಮಾಡಬಹುದು. ಇದ್ದಾರೆ. ಬೀಪಲ್ ಎಂಬ ಅಮೆರಿಕದ ಡಿಜಿಟಲ್ ಕಲಾವಿದ 2007ರ ಮೇ 1ರಿಂದ ದಿನಕ್ಕೊಂದು ಚಿತ್ರ ಮಾಡಿ ಹಾಕುತ್ತಾ ಬಂದರು. ಮೊದಲ 5000 ದಿನದ ಚಿತ್ರಗಳನ್ನು ಸೇರಿಸಿದ ಒಂದು ಫೈಲು 2021ರ ಮಾರ್ಚಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಹೋಯಿತು. ಅದು ಎನ್‌ಎಫ್‌ಟಿ, ಅಂದರೆ ಡಿಜಿಟಲ್ ಚಿತ್ರದ ಒಡೆತನದ ದಾಖಲೆಯನ್ನು ಕೊಳ್ಳುವ ಹುಚ್ಚು ನೆತ್ತಿಗೇರಿದ್ದ ಹೊತ್ತು. ಆ ಲೆಕ್ಕ ಹಿಡಿದು ನಮ್ಮ ಸಂಜೆಗಳನ್ನು ಯೋಜಿಸುವುದು ಬೇಡ. ಮಾರುವ ಆಸೆ ಇದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಒಂದು ಸಲ ನೋಡಲೆಂದೇ ಹೋಗಿ. ಜನ ಯಾವ ಸೈಜಿನ ಮುಂದೆ ನಿಲ್ಲುತ್ತಾರೆ, ಬೆಲೆ ಕೇಳಿ ಏನು ಮುಖ ಮಾಡುತ್ತಾರೆ ಅಂತ ಅಲ್ಲಿ ಕಾಣುವಷ್ಟು ಸ್ಕ್ರೀನಿನಲ್ಲಿ ಕಾಣುವುದಿಲ್ಲ.

ನೀವು ಕೇಳಿಲ್ಲ, ಆದರೂ ಹಕ್ಕಿನ ಬಗ್ಗೆ ಎರಡು ಮಾತು. ನೀವು ಬಿಡಿಸಿದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಮಾಡಿಸಲೇಬೇಕಂತ ಇಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಕಲಾವಿದರು ಇರುವ ತನಕ, ಆಮೇಲೆ 60 ವರ್ಷ. ಬೇರೆಯವರದ್ದಕ್ಕೂ ಅದೇ ಲೆಕ್ಕ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಚಿತ್ರ ನಕಲು ಮಾಡಿ ಹಾಕಿದರೆ ತಕರಾರಿಲ್ಲ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು, ಅವರ ಲೆಕ್ಕ 2025ರ ಕೊನೆಯ ತನಕ. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಹೋದದ್ದು 1996ರಲ್ಲಿ, ಅವರ ಗೆರೆಗಳನ್ನು ಮನೆಯಲ್ಲಿ ಕಲಿಯಲು ನಕಲು ಮಾಡಿ, ನಿಮ್ಮದೆಂದು ಹಾಕಬೇಡಿ, ಮಾರಬೇಡಿ. ನಿಮ್ಮ ಚಿತ್ರ ಕದಿಯುವವರ ಭಯ ಇದ್ದರೆ 1080 ಪಿಕ್ಸೆಲ್ ಅಗಲಕ್ಕಿಂತ ದೊಡ್ಡ ಫೈಲ್ ಹಾಕಬೇಡಿ, ಸಹಿಯನ್ನು ಕತ್ತರಿಸಿ ತೆಗೆಯಲು ಬರುವ ಮೂಲೆಯಲ್ಲಿ ಬೇಡ, ಚಿತ್ರದೊಳಗೇ ಸೇರಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನ ಎಲ್ಲರಿಗೂ ಕಾಣುವ ಪೋಸ್ಟುಗಳನ್ನು ಎಐ ತರಬೇತಿಗೆ ಬಳಸುವುದಾಗಿ ಅವುಗಳ ಒಡೆಯ ಕಂಪನಿ ಮೆಟಾ ತಾನೇ ಹೇಳಿದೆ. ಅದು ಒಪ್ಪಿಗೆ ಆಗದಿದ್ದರೆ ಖಾತೆಯನ್ನು ಪ್ರೈವೇಟ್ ಮಾಡಿಕೊಳ್ಳಿ. ಹೇಗೂ ನೋಡುತ್ತಿರುವುದು ನೆಂಟರೇ ಅಲ್ವಾ.

ಕೊನೆಗೆ ಇಂಕ್‌ಟೋಬರ್. ಸೇರಿ, ಆದರೆ ವಾರಕ್ಕೊಂದರ ದಾರಿಯಲ್ಲಿ ಸೇರಿ. ಉಳಿದ ದಿನ ಹತ್ತು ನಿಮಿಷದ ಗೆರೆ ಅಭ್ಯಾಸ ಸಾಕು, ಅದನ್ನು ಯಾರಿಗೂ ತೋರಿಸಬೇಕಿಲ್ಲ. ಶಾಯಿಯಲ್ಲಿ ಅಳಿಸಲು ಬರುವುದಿಲ್ಲವಲ್ಲ, ಎರಡು ಗಂಟೆ ಕೂತು ತಿದ್ದುವ ನಿಮ್ಮ ಅಭ್ಯಾಸಕ್ಕೆ ಅದು ಒಳ್ಳೆಯ ಔಷಧಿ. ಸಾಮಾನಿಗೆ ಜಾಸ್ತಿ ಖರ್ಚು ಮಾಡಬೇಡಿ. ಮೇಲೆ ತೆಳು ಬಣ್ಣ ಹಚ್ಚುವ ಯೋಚನೆ ಇದ್ದರೆ ನೀರಿಗೆ ಕರಗದ ಶಾಯಿಯ ಪೆನ್ನು ಅಂತ ಕೇಳಿ ತನ್ನಿ, ಮಾಮೂಲಿ ಜೆಲ್ ಪೆನ್ನಿನ ಗೆರೆಗಳು ನೀರು ತಾಗಿದರೆ ಹರಡಬಹುದು, ಮೊದಲು ಒಂದು ತುಂಡಿನ ಮೇಲೆ ಬರೆದು, ಒಣಗಿಸಿ, ಒದ್ದೆ ಬ್ರಷ್ ಎಳೆದು ನೋಡಿ. ಬಾಟಲಿಯಲ್ಲಿ ಬರುವ ಇಂಡಿಯನ್ ಇಂಕನ್ನು ಅದ್ದಿ ಬರೆಯುವ ನಿಬ್ಬಿಗೋ ಬ್ರಷ್ಷಿಗೋ ಬಳಸಿ. ಅದನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಿಸಬೇಡಿ, ಒಳಗೆ ಕಟ್ಟಿಕೊಂಡು ಪೆನ್ನು ಹಾಳಾಗುತ್ತದೆ.